ಪೀರಮ್ಮನ ಆಷಾಢ

ಮಸ್ಕಿಯ ಹಳೇ ಬಜಾರದ ಹಿಂದಿನ ಓಣಿಯಲ್ಲಿ ನನ್ನದೊಂದು ಹೊಲಿಗೆ ಮಷೀನು. ಮಷೀನಿನ ಹಿಂದಿನ ಗೋಡೆಗೆ ಅಂಟಿಕೊಂಡು ಪೀರಮ್ಮನ ಮನೆ. ಗೋಡೆ ಒಂದೇ, ಸಂಸಾರ ಎರಡು. ಬೆಳಗಿನ ಜಾವ ಆಕೆ ಜೋಳದ ರೊಟ್ಟಿ ಬಡಿಯಲು ಕೂತಳೆಂದರೆ ಆ ಸಪ್ಪಳಕ್ಕೇ ನಾವು ಏಳುತ್ತಿದ್ದೆವು. ಬಸ್ ಸ್ಟ್ಯಾಂಡಿನ ಹತ್ತಿರದ ಖಾನಾವಳಿಗೆ ರೊಟ್ಟಿ ಮಾಡಿಕೊಟ್ಟು ಬದುಕಿದ ಹೆಂಗಸು ಆಕೆ.

ಆಕೆ ಸತ್ತ ಮೇಲೂ ಓಣಿಯ ಮಂದಿ ಒಂದು ಮಾತು ಆಡುವುದನ್ನು ಬಿಟ್ಟಿಲ್ಲ. "ಜೈಲಿಂದ ಮಗ ಬಂದ್ರ ಮನ್ಯಾಗ ಇರಲಾರದ ಮುದುಕಿ. ಆಷಾಢ ಹಿಡಕೊಂಡು ಕುಂತ್ಲು" ಎನ್ನುತ್ತಾರೆ. ಕೇಳಿದಾಗೆಲ್ಲ ನನಗೆ ಮೈ ಉರಿಯುತ್ತದೆ. ಆಡುವವರ ಬಾಯಿಗೆ ಹೊಲಿಗೆ ಹಾಕುವ ಮಷೀನು ನನ್ನಲ್ಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದಷ್ಟೇ ನನ್ನ ಕೈಯಲ್ಲಿರುವುದು.

ಪೀರಮ್ಮನ ಬಾಯಿ ಬಲು ಜೋರು. ರೊಟ್ಟಿ ಹರಿದರೆ ರೊಟ್ಟಿಗೂ ಬೈಗುಳ, ಒಲೆ ಹೊಗೆಯಾಡಿದರೆ ಒಲೆಗೂ ಬೈಗುಳ. ಕೊಡುವ ಕೈಯೂ ಅಷ್ಟೇ ದೊಡ್ಡದು, ಆದರೆ ಕೊಟ್ಟೆ ಎಂದು ಆಕೆ ಜನ್ಮದಲ್ಲಿ ಹೇಳಿದವಳಲ್ಲ. ನನ್ನ ಗಂಡ ಹಾಸಿಗೆ ಹಿಡಿದ ವರ್ಷ ದಿನಾ ಹೊತ್ತು ಏರಿದ ಮೇಲೆ ಒಂದು ಸುತ್ತು ರೊಟ್ಟಿ ತಂದು ಹೊಸ್ತಿಲ ಮೇಲೆ ಇಟ್ಟು ಹೋಗುತ್ತಿದ್ದಳು. "ಇವು ಕರಕಾಗ್ಯಾವ ಶೇಖರವ್ವ, ಖಾನಾವಳಿಯಾಂವ ತಗೊಳ್ಳಂಗಿಲ್ಲ, ನೀವಾರ ತಿನ್ರಿ" ಎನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಒಂದು ರೊಟ್ಟಿಗೂ ಕರಕಿನ ಕಲೆ ಇರುತ್ತಿರಲಿಲ್ಲ. ಒಳ್ಳೆಯದನ್ನು ಮಾಡುವಾಗ ಆಕೆಗೆ ಯಾವುದಾದರೊಂದು ನೆವ ಬೇಕೇ ಬೇಕು. ಈ ಗುಣವನ್ನು ತಿಳಿದುಕೊಂಡರೆ ಪೀರಮ್ಮನನ್ನು ತಿಳಿದುಕೊಂಡ ಹಾಗೆ.

ಆಕೆಯ ಗಂಡ ನರಸಣ್ಣ ಸಿಂಧನೂರಿನ ರೈಸ್ ಮಿಲ್ಲಿನಲ್ಲಿ ಹಮಾಲಿ. ಚೀಲದ ಅಟ್ಟಿ ಜಾರಿ ಮೈಮೇಲೆ ಬಿದ್ದು ಸತ್ತ. ಒಬ್ಬನೇ ಮಗ ಶಿವಪ್ರಸಾದ ದೊಡ್ಡವನಾಗಿ ಅದೇ ಕೆಲಸಕ್ಕೆ ನಿಂತ. ಮುದಗಲ್ಲಿನ ಯಂಕಮ್ಮನ ಮಗಳು ಅಂಬಿಕಾಳನ್ನು ತಂದು ಮದುವೆ ಮಾಡಿದರು. ಮದುವೆಯ ಅರಿಶಿಣ ಇನ್ನೂ ಮೈಯಿಂದ ಹೋಗಿರಲಿಲ್ಲ, ಮಿಲ್ಲಿನ ಅಂಗಳದಲ್ಲಿ ಜೊತೆಯವನೊಬ್ಬನ ಸಂಗಡ ಜಗಳ ಬಿತ್ತು. ಕೈಯಲ್ಲಿ ಚೀಲ ಎಳೆಯುವ ಕೊಕ್ಕೆ ಇತ್ತು. ಬೀಸಿದ. ಬಿದ್ದವನು ಎದ್ದೇಳಲಿಲ್ಲ. ಸತ್ತವನೂ ಹೆಂಡತಿ ಮಕ್ಕಳಿದ್ದವನೇ. ಶಿವಪ್ರಸಾದನಿಗೆ ಜೀವಾವಧಿ ಆಯಿತು, ಕಲಬುರಗಿ ಜೈಲಿಗೆ ಹಾಕಿದರು.

ಪೀರಮ್ಮ ಮಗನನ್ನು ವಹಿಸಿಕೊಂಡು ಒಂದು ಮಾತೂ ಆಡಲಿಲ್ಲ. ಕೋರ್ಟಿನ ಮೆಟ್ಟಿಲ ಮೇಲೆ, ಎಲ್ಲರೂ ಕೇಳುವ ಹಾಗೆ, "ಮಾಡ್ಯಾನ, ಉಣ್ಲಿ" ಎಂದಳು. ಬೇಡಿ ಹಾಕಿದ ಮಗ ಅಲ್ಲೇ ನಿಂತಿದ್ದ, ಅವನಿಗೂ ಅದು ಕೇಳಿಸಿತು. ಮುಂದೆ ಹಬ್ಬ ಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಜೈಲಿಗೆ ಹೋಗಿ ಬರುತ್ತಿದ್ದಳು ನಿಜ. ಆದರೆ ಅವನ ಕಿವಿಯಲ್ಲಿ ಉಳಿದದ್ದು ಆ ಮಾತೇ.

ಅಂಬಿಕಾಳ ಕಡೆಯವರು ಹುಡುಗಿಯನ್ನು ಬಿಡಿಸಿಕೊಂಡು ಹೋಗಿ ಬೇರೆ ಕಡೆ ಕೊಡಲು ಓಡಾಡಿದರು. ಆಕೆ ಹೋಗಲಿಲ್ಲ. ಯಾಕೆ ಅಂದರೆ ನನಗೆ ಗೊತ್ತಿಲ್ಲ, ಬಹುಶಃ ಆಕೆಗೂ ಗೊತ್ತಿರಲಿಲ್ಲ. ಹುಡುಗಿಯರ ಹಾಸ್ಟೆಲಿನ ಅಡುಗೆ ಕೆಲಸಕ್ಕೆ ಸೇರಿಕೊಂಡಳು. ಅತ್ತೆ ಸೊಸೆ ಒಂದೇ ಕೌದಿಯಲ್ಲಿ ಮಲಗಿ ಏಳು ವರ್ಷ ಕಳೆದರು. ಅತ್ತೆ ಬೈಯುವಳು, ಸೊಸೆ ನಗುವಳು, ಅಥವಾ ನಕ್ಕ ಹಾಗೆ ಮಾಡುವಳು.

ಒಂದು ಸಲ ನಮ್ಮ ಓಣಿಯ ತೊಟ್ಟಿಲ ಕಾರ್ಯದಲ್ಲಿ ಅಂಬಿಕಾ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದಳು. ಕೂಸಿನ ಅಜ್ಜಿ ಕಾಣದವಳ ಹಾಗೆ ಪಕ್ಕದವಳ ಕೈಗೆ ಕೊಟ್ಟಳು. ಆ ಹೊತ್ತು ನನಗೆ ಎಂಥಾ ಸಿಟ್ಟು ಬಂತೆಂದರೆ ಊಟಕ್ಕೂ ಕೂರದೆ ಎದ್ದು ಬಂದೆ. ಸಂಜೆ ಗೋಡೆಯಾಚೆಯಿಂದ ಅಂಬಿಕಾಳ ದನಿ ಕೇಳಿಸಿತು.

"ಅತ್ತಿ, ನನಗೊಂದು ಕೂಸು ಬೇಕು. ಅವರು ಬಿಡುಗಡಿ ಆಗಿ ಬರೂತನಕ ಕಾದ್ರ ನನ್ನ ವಯಸ್ಸು ಮುಗದು ಹೊಕ್ಕೈತಿ."

ಪೀರಮ್ಮ ಬೈಯಲಿಲ್ಲ. ಮರುದಿನ ರೊಟ್ಟಿ ಮುಗಿಸಿ ಕೈ ಒರೆಸಿಕೊಳ್ಳುತ್ತ ನನ್ನ ಮಷೀನಿನ ಹತ್ತಿರ ಬಂದಳು. "ಲಿಂಗಸುಗೂರಾಗ ಬಡವರ ಕೇಸು ನಡಸೋ ವಕೀಲಮ್ಮ ಒಬ್ಬಾಕಿ ಅದಾಳಂತಲ್ಲ, ನಡಿ ಹೋಗೂನು" ಎಂದಳು.

ವಕೀಲಮ್ಮನ ಹೆಸರು ಅರ್ಜುಮಂದ್. ಸಣ್ಣ ವಯಸ್ಸು, ನಿಧಾನದ ಮಾತು. ಪೀರಮ್ಮ ನಾಚಿಕೆಯಿಂದ ಸೆರಗು ಬಾಯಿಗೆ ಹಿಡಿದು ಸುತ್ತಿ ಬಳಸಿ ಹೇಳಿದ್ದನ್ನು ಆಕೆ ನೆಟ್ಟಗೆ ಮಾಡಿ ಹೇಳಿದಳು. "ಅಮ್ಮ, ಕೋರ್ಟು ಶಿಕ್ಷಾ ಕೊಟ್ಟಿದ್ದು ನಿಮ್ಮ ಮಗಗ. ಈಕಿಗೆ ತಾಯಿ ಆಗಬ್ಯಾಡ ಅಂತ ಯಾವ ಜಡ್ಜೂ ಬರೆದಿಲ್ಲ. ಒಂದು ತಿಂಗಳ ಪೆರೋಲ್ ಕೇಳೋಣು."

ಅರ್ಜಿ ದೊಡ್ಡ ಕೋರ್ಟಿಗೆ ಹೋಯಿತು. ಸರ್ಕಾರದ ಕಡೆಯವರು ಒಂದು ಪ್ರಶ್ನೆ ಎತ್ತಿದರು. ಅಪ್ಪ ಜೈಲಿನಲ್ಲಿ, ಅವ್ವ ಕೂಲಿಗೆ, ಹೀಗಿರುವಾಗ ಹುಟ್ಟುವ ಕೂಸಿನ ಗತಿ ಏನು, ಅದನ್ನು ಯಾರು ನೋಡುತ್ತಾರೆ ಎಂದು. ನಾನು ಅವರಿಗೆ ಬಾಯಿಗೆ ಬಂದ ಹಾಗೆ ಬೈದೆ. ಆಮೇಲೆ ಮಷೀನು ತುಳಿಯುತ್ತ ಯೋಚಿಸಿದರೆ ಪ್ರಶ್ನೆ ಸುಳ್ಳಲ್ಲ ಅನಿಸಿತು. ಕೂಸು ಬೇಕು ಅನ್ನುವವರು ಅದನ್ನು ಯೋಚಿಸಲೇಬೇಕು.

ಅದನ್ನು ವಿಚಾರಿಸಲು ಠಾಣೆಯಿಂದ ಪೊಲೀಸರು ಮನೆಗೆ ಬಂದರು. ಕೂರಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು ಕೇಳಿದರು. "ಕೂಸು ಹುಟ್ಟಿದ್ರ ಯಾರು ಜ್ವಾಪಾನ ಮಾಡ್ತೀರಿ?"

"ನಾ ಅದೀನಲ್ರೀ" ಎಂದಳು ಪೀರಮ್ಮ. "ಅದು ಶಾಲಿಗೆ ಹೋಗಿ ಓದಿ ದೊಡ್ಡದಾಗೂತನಕ ನಾ ಅದೀನಿ. ಬರಕೋರಿ."

ಅವರು ಬರೆದುಕೊಂಡರು, ಆಕೆ ಹೆಬ್ಬೆಟ್ಟು ಒತ್ತಿದಳು. ಆ ದಿನದಿಂದ ಆಕೆ ತಂಬಾಕು ಬಿಟ್ಟಳು. ಇಷ್ಟು ವರ್ಷದ ಚಟ ಹೇಗೆ ಬಿಟ್ಟಿ ಎಂದು ಕೇಳಿದರೆ, "ಇನ್ನ ಬಾಳ ದಿನ ಬದುಕಬೇಕಲ್ಲ ನಾ" ಎಂದಳು.

ಪೆರೋಲ್ ಸಿಕ್ಕಿತು. ಒಂದು ತಿಂಗಳು ಅವನು ಮಸ್ಕಿಯ ಆ ಮನೆಯಲ್ಲೇ ಇರಬೇಕು, ಠಾಣೆಗೆ ಹೋಗಿ ಸಹಿ ಮಾಡಬೇಕು, ತಾಲೂಕಿನ ಗಡಿ ದಾಟಬಾರದು. ಅದು ಬಂದದ್ದು ಸರಿಯಾಗಿ ಆಷಾಢದಲ್ಲಿ.

ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರದು ಅನ್ನುವುದು ನಮ್ಮ ಕಡೆಯ ರೂಢಿ. ಹೊಸ ಸೊಸೆಯನ್ನು ಆ ತಿಂಗಳು ತವರಿಗೆ ಕಳಿಸುತ್ತಾರೆ. ಅದೂ ಮದುವೆಯಾದ ಮೊದಲ ವರ್ಷ. ಪೀರಮ್ಮ ಮಾತ್ರ ಹಟ ಹಿಡಿದು ಕೂತಳು. "ಆಷಾಢ ಅಂದ್ರ ಆಷಾಢ. ಇಬ್ಬರಾಗ ಒಬ್ಬರು ಮನಿ ಬಿಡಬೇಕು. ಆಕಿ ತವರಿಗೆ ಹೋದ್ರ ಇವ ಬಂದೇನು ಉಪಯೋಗ? ನಾನ ಹೊಕ್ಕೀನಿ." ಓಣಿಯ ಹೆಂಗಸರು ಸೆರಗಿನ ಮರೆಯಲ್ಲಿ ನಕ್ಕರು. ಏಳು ವರ್ಷದ ಸೊಸೆಗೆ ಎಂಥ ಆಷಾಢ ಎಂದು ಅಂಬಿಕಾ ಅತ್ತೆಯ ಕಾಲು ಹಿಡಿದಳು. ಮುದುಕಿ ಜಪ್ಪಯ್ಯ ಅನ್ನಲಿಲ್ಲ.

ಮಗ ಸಂಜೆ ಬಂದ. ತೆಳ್ಳಗಾಗಿದ್ದ, ಕಿವಿಯ ಹತ್ತಿರ ಕೂದಲು ನರೆತಿತ್ತು. ಪೀರಮ್ಮ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾದ ಹಿಂಡಿ ಮಾಡಿ ಎದುರಿಗೆ ಕೂತು ಉಣಿಸಿದಳು. ಬೆಳಿಗ್ಗೆ ಅವನಿನ್ನೂ ಮಲಗಿದ್ದಾಗ ಒಂದು ಕೈಚೀಲ ಹಿಡಿದು ಹೊರಟೇಬಿಟ್ಟಳು. ಕಾಲುವೆಗೆ ನೀರು ಬಿಟ್ಟಿದ್ದರು. ಸಿಂಧನೂರು ಕಡೆ ಭತ್ತದ ನಾಟಿ ಶುರುವಾಗಿ, ಹೆಣ್ಣಾಳುಗಳನ್ನು ತುಂಬಿಕೊಂಡು ಹೋಗಲು ಟೆಂಪೊ ಬರುತ್ತಿದ್ದವು. ಹರೆಯದಲ್ಲಿ ನಾಟಿ ಮಾಡಿದ ಕೈ ಆಕೆಯದು. ಆದರೆ ಈ ವಯಸ್ಸಿನಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಬಗ್ಗಿ ನಿಲ್ಲುವುದೆಂದರೇನು! ನಾನು ಚಪ್ಪಲಿಯನ್ನೂ ಮೆಟ್ಟದೆ ಬಸ್ ಸ್ಟ್ಯಾಂಡಿಗೆ ಓಡಿದೆ.

"ತಲಿ ಕೆಟ್ಟೈತೇನಬೇ ಪೀರಮ್ಮಕ್ಕ? ಏಳು ವರ್ಷಕ್ಕ ಮಗ ಮನಿಗೆ ಬಂದಾನ, ನೀ ಕೆಸರಾಗ ನಿಂದ್ರಾಕ ಹೊಂಟೀಯಲ್ಲ?"

"ಆಷಾಢ ಐತಿ."

"ಸುಡು ನಿನ್ನ ಆಷಾಢ! ಅದು ಹೊಸಾ ಸೊಸಿಗೆ."

ಆಕೆ ಕೈಚೀಲ ಕೆಳಗಿಟ್ಟು ನನ್ನನ್ನು ಪಕ್ಕಕ್ಕೆ ಎಳೆದಳು. "ಶೇಖರವ್ವ, ನಿನ್ನ ಮನ್ಯಾಗ ಎಷ್ಟು ಖೋಲಿ?"

"ಎರಡು."

"ನಮ್ಮನ್ಯಾಗ?"

ಆ ಮನೆಗೆ ಪಡಸಾಲೆ ಇಲ್ಲ, ಹಿತ್ತಲಿಲ್ಲ. ಒಲೆ, ಕೊಡ, ಹಿಟ್ಟಿನ ಡಬ್ಬಿ, ಮಲಗುವ ಜಾಗ ಎಲ್ಲ ಒಂದೇ ಖೋಲಿಯಲ್ಲಿ. ನಾನು ದಿನಾ ನೋಡುವ ಖೋಲಿ. ಅದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

"ಹಂಗಾದ್ರ ನಮ್ಮನಿಗೆ ಬಂದು ಮಲಗು" ಎಂದೆ.

"ಗ್ವಾಡಿ ಒಂದ ಐತಿ, ನಾ ಕೆಮ್ಮಿದ್ರ ಅವರಿಗೆ ಕೇಳ್ತೈತಿ. ಮತ್ತ ನಾ ಊರಾಗ ಇದ್ರ ಅವ ಹಗಲೆಲ್ಲ ಅವ್ವಾ ಅಂತ ನನ್ನ ಮುಂದ ಕುಂತಿರ್ತಾನ. ಆಕಿ ಹೆಂಗ ಮಾತಾಡಸ್ಬೇಕು? ಅವರಿಬ್ಬರಿಗೆ ಇನ್ನ ಸರಿಯಾಗಿ ಪರಿಚಯನ ಇಲ್ಲಬೇ."

"ಇದನ್ನ ಅವರಿಗೆ ಹೇಳಿಯಾರ ಹೋಗು. ಮಗ ತಪ್ಪು ತಿಳಕೊಂಡಾನ."

"ಥೂ, ಹೆತ್ತಾಕಿ ಮಗನ ಮುಂದ ಇದನ್ನ ಹೆಂಗ ಆಡ್ತಾಳ? ನೀನೂ ಆಡಬ್ಯಾಡ. ನನ್ನ ಮ್ಯಾಲ ಆಣಿ."

ಟೆಂಪೊ ಬಂತು. ಆಕೆ ಹತ್ತಿ ಹೆಣ್ಣಾಳುಗಳ ನಡುವೆ ಮಾಯವಾದಳು. ದಢೇಸುಗೂರಿನ ಗದ್ದೆಗಳಲ್ಲಿ, ಅದು ಮುಗಿದ ಮೇಲೆ ಆರ್.ಎಚ್. ಕ್ಯಾಂಪಿನಲ್ಲಿ ನಿರಾಶ್ರಿತರಾಗಿ ಬಂದು ನೆಲೆಸಿದ ಬಂಗಾಲಿಗಳ ಗದ್ದೆಗಳಲ್ಲಿ ಆ ತಿಂಗಳು ಪೂರ್ತಿ ಬಗ್ಗಿ ನಿಂತಳು. ಮಲಗುವುದು ತಗಡಿನ ಶೆಡ್ಡಿನಲ್ಲಿ, ಗೊಬ್ಬರದ ಖಾಲಿ ಚೀಲ ಹಾಸಿಕೊಂಡು. ಆಷಾಢದ ಗಾಳಿ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಬೆಳಿಗ್ಗೆ ರೊಟ್ಟಿಯ ಸಪ್ಪಳವಿಲ್ಲ. ಮೊದಮೊದಲು ಗೋಡೆಯಾಚೆ ಪಾತ್ರೆಯ ಸದ್ದು ಬಿಟ್ಟರೆ ಮಾತೇ ಇರಲಿಲ್ಲ. ಎರಡನೇ ವಾರದಲ್ಲೋ ಏನೋ, ಒಂದು ಸಂಜೆ ಅಂಬಿಕಾ ಜೋರಾಗಿ ನಕ್ಕದ್ದು ಕೇಳಿಸಿತು. ಇಷ್ಟು ವರ್ಷದಲ್ಲಿ ಆಕೆ ಹೊಟ್ಟೆಯಿಂದ ನಕ್ಕದ್ದು ನಾನು ಕೇಳಿದ್ದು ಅದೇ ಮೊದಲು. ಹೊಲಿಯುತ್ತಿದ್ದ ಕುಬುಸದ ತೋಳು ತಪ್ಪಾಯಿತು, ಬಿಚ್ಚಿ ಮತ್ತೆ ಹೊಲಿದೆ.

ಶಿವಪ್ರಸಾದ ಮಾತ್ರ ಆಗಾಗ ಬಂದು ನನ್ನ ಮಷೀನಿನ ಮುಂದೆ ಕೂರುತ್ತಿದ್ದ. ನನ್ನನ್ನು ಚಿಕ್ಕಂದಿನಿಂದ ಚಿಗವ್ವ ಎಂದೇ ಕರೆಯುತ್ತಿದ್ದವನು. ತಾಯಿಯನ್ನು ನೋಡಿ ಬರುತ್ತೇನೆ ಎಂದು ಠಾಣೆಯಲ್ಲಿ ಕೇಳಿದ್ದನಂತೆ. ದಢೇಸುಗೂರು ಸಿಂಧನೂರು ತಾಲೂಕಾಯಿತು, ಗಡಿ ದಾಟಿದರೆ ಪೆರೋಲ್ ರದ್ದಾಗುತ್ತದೆ ಎಂದರಂತೆ.

"ಚಿಗವ್ವ, ಆಷಾಢ ಒಂದು ನೆವ" ಎಂದ ಒಂದು ದಿನ. "ಕೊಲಿ ಮಾಡಿದ ಮಗನ ಜೋಡಿ ಒಂದ ಸೂರಿನ ಕೆಳಗ ಇರಾಕ ಅವ್ವಗ ಮನಸಿಲ್ಲ. ಮಾಡ್ಯಾನ ಉಣ್ಲಿ ಅಂದಾಕಿ ಆಕಿ."

"ಹಂಗಲ್ಲಪಾ."

"ಮತ್ತ ಹೆಂಗ?"

ನೆವ ಅನ್ನುವುದು ಅವನಿಗೆ ಸರಿಯಾಗಿಯೇ ತಿಳಿದಿತ್ತು. ಯಾವುದಕ್ಕೆ ನೆವ ಅನ್ನುವುದನ್ನು ಹೇಳದಂತೆ ಆ ಮುದುಕಿ ನನ್ನ ನಾಲಿಗೆ ಕಟ್ಟಿ ಹೋಗಿದ್ದಳು. ನಾನು ತಲೆ ತಗ್ಗಿಸಿ ಮಷೀನು ತುಳಿದೆ.

ಅವನು ವಾಪಸ್ ಹೋಗುವ ದಿನ ಬಸ್ ಸ್ಟ್ಯಾಂಡಿಗೆ ಅಂಬಿಕಾ, ನಾನು ಹೋಗಿದ್ದೆವು. ಕಲಬುರಗಿ ಬಸ್ಸಿನ ಇಂಜಿನ್ನು ಶುರುವಾಗಿತ್ತು. ಅಷ್ಟರಲ್ಲಿ ಪೀರಮ್ಮ ಬಂದಳು, ಗದ್ದೆಯಿಂದ ನೆಟ್ಟಗೆ ಬಂದಿದ್ದಳು. ಸೀರೆಯಂಚಿನ ಕೆಸರು ಒಣಗಿ ಗಟ್ಟಿಯಾಗಿತ್ತು, ಕಾಲ್ಬೆರಳುಗಳ ಸಂದು ನೀರು ತಿಂದು ಬೆಳ್ಳಗೆ ಹುಣ್ಣಾಗಿತ್ತು. ಓಡಿ ಬಂದದ್ದಕ್ಕೆ ಕೆಮ್ಮು. ಮಗ ಬಗ್ಗಿ ಕಾಲು ಮುಟ್ಟಿದ. ಎದ್ದು ಏನೋ ಒಂದು ಮಾತು ಕೇಳಿದ, ಆಕೆ ಏನೋ ಹೇಳಿದಳು. ಇಂಜಿನ್ನಿನ ಸದ್ದಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಅವನು ಬಸ್ಸು ಹತ್ತಿದ, ಕಿಟಕಿಯಿಂದ ಹೆಂಡತಿಯ ಕಡೆ ಕೈ ಮಾಡಿದ. ತಾಯಿಯ ಕಡೆ ನೋಡಲಿಲ್ಲ. ಪೀರಮ್ಮ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದಳು.

ಅಂಬಿಕಾಳಿಗೆ ದಿನ ನಿಂತವು. ಗಂಡ ಜೈಲಿನಲ್ಲಿ, ಬಸಿರು ಎಲ್ಲಿಂದ ಎಂದು ಯಾರೂ ಬಾಯಿ ತೆಗೆಯುವಂತಿರಲಿಲ್ಲ, ಅವನು ಓಣಿಯಲ್ಲಿ ತಿಂಗಳು ಓಡಾಡಿದ್ದನ್ನು ಎಲ್ಲರೂ ಕಂಡಿದ್ದರು. ಪೀರಮ್ಮನ ರೊಟ್ಟಿಯ ಸಪ್ಪಳ ಮತ್ತೆ ಶುರುವಾಯಿತು. ಜೊತೆಗೆ ಕೆಮ್ಮೂ ಶುರುವಾಯಿತು. ಕೆಸರಿನ ಥಂಡಿ, ಹೋಗುತ್ತದೆ ಎಂದು ಶುಂಠಿ ತಿಂದಳು, ಓಮದ ಹೊಗೆ ತೆಗೆದುಕೊಂಡಳು. ಏಳನೇ ತಿಂಗಳಲ್ಲಿ ಸೊಸೆಗೆ ಹಸಿರು ಸೀರೆ ಉಡಿಸಿ ಸೀಮಂತದ ಕುಬುಸ ಮಾಡಿದ ದಿನ ಪೀರಮ್ಮ ಕೆಮ್ಮಿ ಸೆರಗಿಗೆ ಒರೆಸಿಕೊಂಡದ್ದನ್ನು ನಾನು ನೋಡಿಬಿಟ್ಟೆ. ರಕ್ತ. ಬೈದು, ಎಳೆದುಕೊಂಡು ಲಿಂಗಸುಗೂರಿನ ದವಾಖಾನೆಗೆ ಹೋದೆ. ಟಿಬಿ, ಎರಡೂ ಪುಪ್ಪುಸಕ್ಕೆ ಹರಡಿದೆ ಎಂದರು. ಗುಳಿಗೆ ಕೊಟ್ಟರು. ಎಳೆ ಕೂಸಿನ ಹತ್ತಿರ ಸುಳಿಯಬೇಡ ಎಂದೂ ಹೇಳಿದರು. ದವಾಖಾನೆಯ ಹೊರಗಿನ ಬೇವಿನ ಗಿಡದ ಕೆಳಗೆ ಕೂತು ಆಕೆ ಕೇಳಿದ್ದು ಒಂದೇ ಮಾತು. "ನಾ ಕೂಸಿನ ಮೈ ಯಾವಾಗ ಎರೀಬೇಕು ಶೇಖರವ್ವ?"

ಸೊಸೆಗೆ ಥಂಡಿ ಎಂದೇ ಹೇಳಿ ಹೆರಿಗೆಗೆ ತವರಿಗೆ ಕಳಿಸಿದಳು. ಜೈಲಿನಿಂದ ಫೋನ್ ಬಂದಾಗ ಮಗನಿಗೂ ಅದೇ ಸುದ್ದಿ ಮುಟ್ಟಿತು. ತಾಯಿ ಹೇಗಿದ್ದಾಳೆ ಎಂದು ಅವನು ಕೇಳುತ್ತಿದ್ದ, ತಾಯಿಯ ಜೊತೆ ಮಾತಾಡುತ್ತೇನೆ ಎಂದು ಮಾತ್ರ ಒಮ್ಮೆಯೂ ಅನ್ನಲಿಲ್ಲ.

ಚೈತ್ರದಲ್ಲಿ ಮುದಗಲ್ಲಿನಲ್ಲಿ ಹೆರಿಗೆಯಾಯಿತು. ಹೆಣ್ಣು. ತೊಟ್ಟಿಲಿಗೆ ಹಾಕುವ ದಿನ ಪೀರಮ್ಮನನ್ನು ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಯಂಕಮ್ಮ ಬೀಗತಿ ಬಾ ಒಳಗೆ ಎಂದು ಕೈ ಹಿಡಿದು ಎಳೆದಳು. ಈಕೆ ಹೊಸ್ತಿಲ ಈಚೆಗೇ ಕೂತುಬಿಟ್ಟಳು. "ಬಿಸಲಾಗ ಬಂದೀನಿ, ಹಾದಿ ಗಾಳಿ ಕೂಸಿಗೆ ಸೋಕತೈತಿ. ಅಲ್ಲಿಂದ ತೋರಸ್ರಿ" ಎಂದಳು. ಮತ್ತೊಂದು ನೆವ. ಯಂಕಮ್ಮ ಒಳಗಿನಿಂದಲೇ ಕೂಸನ್ನು ಎತ್ತಿ ಹಿಡಿದಳು. ಪೀರಮ್ಮ ಸೆರಗಿನಿಂದ ಮೂಗು ಬಾಯಿ ಮುಚ್ಚಿಕೊಂಡು ನೋಡಿದಳು. ಕಣ್ಣು ಮಾತ್ರ ಕಾಣುತ್ತಿದ್ದವು. ನಾನು ಆ ಕಣ್ಣುಗಳನ್ನು ನೋಡಲಾರದೆ ಅಂಗಳಕ್ಕೆ ಹೋಗಿ ನಿಂತೆ.

ಐದನೇ ತಿಂಗಳಿಗೆ ಬಾಣಂತಿ ಮನೆಗೆ ಬರಬೇಕಿತ್ತು. ಪೀರಮ್ಮ ಅಲ್ಲಿಯವರೆಗೆ ಉಳಿಯಲಿಲ್ಲ. ಕೊನೆಯ ದಿನಗಳಲ್ಲಿ ರೊಟ್ಟಿ ನಿಂತಿತ್ತು, ನಾನು ಗಂಜಿ ಕುಡಿಸುತ್ತಿದ್ದೆ. "ಪೊಲೀಸರ ಮುಂದ ಬರಸೀನಿ ನಾ ಅದೀನಿ ಅಂತ" ಎಂದಳು ಒಂದು ದಿನ. "ಸುಳ್ಳಗಾರ್ತಿ ಆದೆ." ನಾನು ಸುಮ್ಮನಿರೇ ಎಂದು ಗದರಿಸಿದೆ, ಆದರೆ ನನಗೇ ಅಳು ಬಂತು. ಕಾರಹುಣ್ಣಿಮೆಯ ಮುಂದೆ ಹೋಗಿಬಿಟ್ಟಳು.

ಶಿವಪ್ರಸಾದನಿಗೆ ಎರಡು ದಿನದ ರಜೆ ಸಿಕ್ಕಿತು. ಅವನು ಬರುವ ಹೊತ್ತಿಗೆ ಮಣ್ಣು ಕೊಟ್ಟಾಗಿತ್ತು. ಮುದಗಲ್ಲಿನಿಂದ ಅಂಬಿಕಾ, ಕೂಸು, ಯಂಕಮ್ಮ ಬಂದಿದ್ದರು. ಮಗಳನ್ನು ಮೊದಲ ಸಲ ಎತ್ತಿಕೊಂಡ. ಅಳಲಿಲ್ಲ. ತಾಯಿ ಹೋದದ್ದಕ್ಕೂ ಅಳಲಿಲ್ಲ, ಮುಖ ಬಿಗಿದುಕೊಂಡಿದ್ದ. ಅದನ್ನು ನೋಡಿ ನನಗೆ ಅವನ ಕೆನ್ನೆಗೆ ಹೊಡೆಯಬೇಕು ಅನಿಸಿತು.

ಸಂಜೆ ದೀಪ ಹಚ್ಚಿದ ಮೇಲೆ ಯಂಕಮ್ಮ ಚಾಪೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಬಾಗಿಲ ಕಡೆ ಹೊರಟಳು. ಶಿವಪ್ರಸಾದ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ.

"ಹೊರಗ ಯಾಕ ಹೊಂಟಿ ಅತ್ತಿ? ಒಳಗ ಮಲಗು."

"ಒಳಗ ಜಾಗ ಎಲ್ಲೈತಪಾ?" ಎಂದಳು ಯಂಕಮ್ಮ. ಆಕೆಗೆ ಏನೂ ಗೊತ್ತಿಲ್ಲ, ಇದ್ದದ್ದನ್ನು ಹೇಳಿದಳು. "ಗಂಡ ಹೆಂಡ್ತಿ ಮಲಗಿದ್ರ ಮೂರನೇದಾಕಿ ಎಲ್ಲಿ ಹಾಸ್ಕೋಬೇಕು?"

ಅವನು ತಿರುಗಿ ಖೋಲಿಯನ್ನು ನೋಡಿದ. ಒಲೆ ನೋಡಿದ, ಕೊಡ ನೋಡಿದ, ಅಂಬಿಕಾ ಹಾಸುತ್ತಿದ್ದ ಕೌದಿಯನ್ನು ನೋಡಿದ. ಆಮೇಲೆ ನನ್ನ ಕಡೆ ನೋಡಿದ. ಆಣೆ ಇಟ್ಟವಳೇ ಮಣ್ಣಾಗಿದ್ದಳು, ಇನ್ನು ಯಾರಿಗಾಗಿ ಮುಚ್ಚಿಡಲಿ?

"ಹೌದಪಾ" ಎಂದೆ. "ಅದಕ್ಕ ಹೋಗಿದ್ಲು. ನಿನ್ನ ಮ್ಯಾಲಿನ ಸಿಟ್ಟಿಗೆ ಅಲ್ಲ."

ಅವನು ಹೊಸ್ತಿಲ ಮೇಲೆ ಕೂತ. ಕೂಸು ಅವನ ತೊಡೆಯ ಮೇಲೆ ನಿದ್ದೆ ಮಾಡುತ್ತಿತ್ತು.

"ಚಿಗವ್ವ, ಅವತ್ತು ಬಸ್ ಸ್ಟ್ಯಾಂಡಿನಾಗ ನಾ ಆಕಿನ್ನ ಕೇಳಿದೆ" ಎಂದ. "ಚುಚ್ಚಬೇಕಂತನ ಕೇಳಿದೆ. ಆಷಾಢ ಮುಗೀತೇನಬೇ, ಅಂತ."

"ಆಕಿ ಏನಂದ್ಲು?"

"ಮುಗೀತಪಾ, ಇನ್ನ ಮನಿಗೆ ಹೊಕ್ಕೀನಿ, ಅಂದ್ಲು."